ಮನೆಯಲ್ಲಿ ಬಿಯರ್: ಹುದುಗುವಾಗ ತಾಪಮಾನ ಹಿಡಿತದಲ್ಲಿಡುವುದು ಹೇಗೆ?

ಮಾಲ್ಟ್ ಅದೇ, ಹಾಪ್ಸ್ ಅದೇ, ಯೀಸ್ಟ್ ಪ್ಯಾಕೆಟ್ಟೂ ಅದೇ. ಆದರೂ ಒಂದು ಸಲದ ಬಿಯರ್ ಸೊಗಸಾಗಿರುತ್ತದೆ, ಇನ್ನೊಂದು ಸಲದ್ದು ನೇಲ್ ಪಾಲಿಶ್ ವಾಸನೆ ಹೊಡೆಯುತ್ತದೆ. ಆಗ ಹೆಚ್ಚಿನವರು ಮೊದಲು ರೆಸಿಪಿಯ ಮೇಲೆ ಅನುಮಾನ ಪಡುತ್ತಾರೆ. ಆಮೇಲೆ ಪಾತ್ರೆ ಸರಿಯಾಗಿ ತೊಳೆದಿಲ್ಲವೇನೋ ಅಂದುಕೊಳ್ಳುತ್ತಾರೆ. ಎಷ್ಟೋ ಸಲ ತಪ್ಪು ಎರಡರಲ್ಲೂ ಇರುವುದಿಲ್ಲ. ಯೀಸ್ಟ್ ಹಾಕಿದ ಮೊದಲ ಮೂರು ದಿನ ಬಿಯರ್ ಎಷ್ಟು ಬಿಸಿ ಇತ್ತು ಅನ್ನುವುದರಲ್ಲಿ ಇರುತ್ತದೆ.

ಒಂದು ಸಲಕ್ಕೆ ಸುಮಾರು 20 ಲೀಟರ್ ಬಿಯರ್ ಮಾಡುವವರಿಗಾಗಿ ಇದನ್ನು ಬರೆದಿದ್ದೇನೆ. ವರ್ಟ್ (ಮಾಲ್ಟ್‌ನಿಂದ ತೆಗೆದ ಸಿಹಿ ರಸ) ಕುದಿಸುವುದು, ಪಾತ್ರೆ ಸ್ಯಾನಿಟೈಸ್ ಮಾಡುವುದು, ಹೈಡ್ರೋಮೀಟರ್ ನೋಡುವುದು ನಿಮಗೆ ಗೊತ್ತಿದೆ ಅಂದುಕೊಳ್ಳುತ್ತೇನೆ. ನೀವಿರುವ ಕಡೆ ಮನೆಯಲ್ಲಿ ಬಿಯರ್ ಮಾಡಲು ಕಾನೂನು ಬಿಡುತ್ತದೆಯೇ ಅನ್ನುವುದನ್ನೂ ಮೊದಲೇ ನೋಡಿಕೊಂಡಿರಿ. ಇನ್ನು ಮಾಡಬೇಕಾದ್ದು ಇಷ್ಟೇ: ಶುರುವಿನಲ್ಲಿ ತಣ್ಣಗೆ ಹಿಡಿದಿಡಿ, ಕೊನೆಯಲ್ಲಿ ಸ್ವಲ್ಪ ಬಿಸಿಯಾಗಲು ಬಿಡಿ, ಯೀಸ್ಟ್ ಕೆಲಸ ಮುಗಿಸುವವರೆಗೆ ಇಳಿಯಲು ಮಾತ್ರ ಬಿಡಬೇಡಿ.

## ಅಳೆಯಬೇಕಾದ್ದು ರೂಮನ್ನಲ್ಲ, ಬಿಯರನ್ನು

ಗೋಡೆಯ ಮೇಲಿನ ಥರ್ಮಾಮೀಟರ್ 20 ಡಿಗ್ರಿ ತೋರಿಸುತ್ತಿದೆ ಅಂದರೆ ಬಿಯರ್ ಕೂಡ 20ರಲ್ಲೇ ಇದೆ ಅಂತಲ್ಲ. ಸಕ್ಕರೆ ತಿಂದು ಆಲ್ಕೋಹಾಲ್ ಮಾಡುವಾಗ ಯೀಸ್ಟ್ ಬಿಸಿಯನ್ನೂ ಹುಟ್ಟಿಸುತ್ತದೆ. ಹುದುಗುವಿಕೆ ಜೋರಾಗಿರುವಾಗ ಪಾತ್ರೆಯ ಒಳಗಿನ ಬಿಯರ್ ರೂಮಿಗಿಂತ 3ರಿಂದ 5 ಡಿಗ್ರಿ ಜಾಸ್ತಿ ಇರುವುದು ಮಾಮೂಲು. ಪಾತ್ರೆ ದೊಡ್ಡದಾದಷ್ಟೂ, ಬಿಯರ್ ಸ್ಟ್ರಾಂಗ್ ಆದಷ್ಟೂ ಈ ಅಂತರ ಹಿಗ್ಗುತ್ತದೆ.

ಎಷ್ಟು ಬಿಸಿ ಹುಟ್ಟುತ್ತದೆ ಅನ್ನುವುದಕ್ಕೆ ಒಂದು ಲೆಕ್ಕ ನೋಡಿ. 1.050 ಗ್ರಾವಿಟಿಯ (ಹೈಡ್ರೋಮೀಟರ್ ಅಳೆಯುವ ಸಾಂದ್ರತೆ ಇದು, ಸಕ್ಕರೆ ಇದ್ದಷ್ಟೂ ಅಂಕಿ ಜಾಸ್ತಿ) 20 ಲೀಟರ್ ವರ್ಟ್ ಪೂರ್ತಿ ಹುದುಗಿದಾಗ ಹೊರಬರುವ ಬಿಸಿಯೆಲ್ಲ ಪಾತ್ರೆಯಲ್ಲೇ ಉಳಿದರೆ ಬಿಯರ್ 10 ಡಿಗ್ರಿಗೂ ಮೇಲೆ ಏರುತ್ತದೆ. ನಿಜಕ್ಕೂ ಅಷ್ಟು ಏರುವುದಿಲ್ಲ. ಬಹುಪಾಲು ಬಿಸಿ ಪಾತ್ರೆಯ ಗೋಡೆಯ ಮೂಲಕ ಹೊರಗೆ ಹೋಗುತ್ತಿರುತ್ತದೆ. ಆದರೆ ಹುದುಗುವಿಕೆಯ ಹೆಚ್ಚಿನ ಭಾಗ ಎರಡು ಮೂರು ದಿನದಲ್ಲೇ ಆಗಿಬಿಡುವುದರಿಂದ ಬಿಸಿಯೂ ಆ ದಿನಗಳಲ್ಲೇ ಒಟ್ಟಿಗೆ ಬರುತ್ತದೆ. ಅಲ್ಲದೆ ಬಿಯರ್ ಬಿಸಿಯಾದಂತೆ ಯೀಸ್ಟ್ ಚುರುಕಾಗುತ್ತದೆ, ಚುರುಕಾದಂತೆ ಇನ್ನಷ್ಟು ಬಿಸಿ ಹುಟ್ಟಿಸುತ್ತದೆ. ಒಮ್ಮೆ ಓಟಕ್ಕೆ ಬಿದ್ದರೆ ತಡೆಯುವುದು ಕಷ್ಟ. ಅದಕ್ಕೇ ಮೊದಲಿನಿಂದಲೇ ಹಿಡಿತ ಬೇಕು ಅನ್ನುವುದು.

## ಬಿಸಿ ಜಾಸ್ತಿಯಾದರೆ ಏನಾಗುತ್ತದೆ, ಕಮ್ಮಿಯಾದರೆ ಏನಾಗುತ್ತದೆ

ಬಿಯರ್‌ನ ರುಚಿಯಲ್ಲಿ ಯೀಸ್ಟ್‌ನ ಪಾಲೇನಿದೆಯೋ ಅದರ ಹೆಚ್ಚಿನ ಭಾಗ ಮೊದಲ ಎರಡು ಮೂರು ದಿನದಲ್ಲಿ ತೀರ್ಮಾನವಾಗುತ್ತದೆ. ಆ ಹೊತ್ತಿನಲ್ಲಿ ಯೀಸ್ಟ್ ತನ್ನ ಸಂಖ್ಯೆಯನ್ನು ಹಲವು ಪಟ್ಟು ಹೆಚ್ಚಿಸಿಕೊಳ್ಳುತ್ತಿರುತ್ತದೆ. ಆಗ ಬಿಸಿ ಜಾಸ್ತಿಯಾದರೆ ಎರಡು ಬಗೆಯ ವಸ್ತುಗಳು ಅಳತೆ ಮೀರಿ ಹುಟ್ಟುತ್ತವೆ. ಒಂದು ಎಸ್ಟರ್‌ಗಳು. ಹಣ್ಣಿನ ವಾಸನೆ ಇವುಗಳದ್ದೇ. ಹದದಲ್ಲಿದ್ದರೆ ಚೆಂದ, ಜಾಸ್ತಿಯಾದರೆ ಪೇಂಟ್ ತೆಳು ಮಾಡುವ ದ್ರಾವಣದ ವಾಸನೆ. ಇನ್ನೊಂದು ಫ್ಯೂಸೆಲ್ ಆಲ್ಕೋಹಾಲ್‌ಗಳು. ಇವು ಗಂಟಲಲ್ಲಿ ಉರಿ ಹತ್ತಿಸುತ್ತವೆ, ಬಿಯರ್‌ಗೆ ಒರಟು ಸ್ಪಿರಿಟ್‌ನ ವಾಸನೆ ಕೊಡುತ್ತವೆ. ಎಷ್ಟು ತಿಂಗಳು ಇಟ್ಟರೂ ಫ್ಯೂಸೆಲ್ ಹೋಗುವುದಿಲ್ಲ ಅಂತಲೇ ಲೆಕ್ಕ ಹಾಕಿಕೊಳ್ಳಿ.

ತೀರಾ ತಣ್ಣಗಾದರೆ ತೊಂದರೆ ಬೇರೆ. ಯೀಸ್ಟ್ ತೂಕಡಿಸುತ್ತದೆ, ತಳಕ್ಕೆ ಇಳಿಯುತ್ತದೆ, ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಬಿಯರ್ ಸಿಹಿಯಾಗಿ ಉಳಿಯುತ್ತದೆ. ಹಸಿರು ಸೇಬಿನ ವಾಸನೆ ಕೊಡುವ ಅಸಿಟಾಲ್ಡಿಹೈಡ್, ಬೆಣ್ಣೆ ಹಾಕಿದ ಪಾಪ್‌ಕಾರ್ನ್ ವಾಸನೆಯ ಡಯಾಸಿಟೈಲ್ ಹಾಗೇ ಉಳಿದುಬಿಡುತ್ತವೆ. ಸಾಮಾನ್ಯವಾಗಿ ಇವನ್ನು ಯೀಸ್ಟೇ ಕೊನೆಯಲ್ಲಿ ತಿಂದು ಮುಗಿಸುತ್ತದೆ. ತಣ್ಣಗಾಗಿ ನಿದ್ದೆಗೆ ಜಾರಿದ ಯೀಸ್ಟ್ ಆ ಕೆಲಸ ಮಾಡುವುದಿಲ್ಲ.

ಎರಡರಲ್ಲಿ ಯಾವುದು ವಾಸಿ ಅಂತ ಕೇಳಿದರೆ ಸ್ವಲ್ಪ ತಣ್ಣಗಿರುವುದೇ ವಾಸಿ ಅನ್ನುತ್ತೇನೆ. ತಣ್ಣಗೆ ನಿಂತ ಬಿಯರನ್ನು ಮತ್ತೆ ಬಿಸಿ ಮಾಡಿ ಎಬ್ಬಿಸಬಹುದು. ಬಿಸಿಯಲ್ಲಿ ಹುಟ್ಟಿದ ಫ್ಯೂಸೆಲನ್ನು ತೆಗೆಯುವ ದಾರಿ ಇಲ್ಲ.

## ಹೆಜ್ಜೆ 1: ನಿಮ್ಮ ಜಾಗಕ್ಕೆ ಹೊಂದುವ ಯೀಸ್ಟ್ ಆರಿಸಿ

ಪ್ಯಾಕೆಟ್ ಮೇಲೆ ಒಂದು ತಾಪಮಾನದ ವ್ಯಾಪ್ತಿ ಬರೆದಿರುತ್ತದೆ. ಆ ವ್ಯಾಪ್ತಿಯ ಮೇಲಿನ ತುದಿಯಲ್ಲಿ ಯೀಸ್ಟ್ ಬದುಕಿ ಕೆಲಸ ಮಾಡುತ್ತದೆ, ನಿಜ. ಆದರೆ ರುಚಿ ಅಲ್ಲೇ ಚೆನ್ನಾಗಿ ಬರುತ್ತದೆ ಅಂತ ಅದರ ಅರ್ಥವಲ್ಲ. ಯೀಸ್ಟ್‌ನ ವಾಸನೆ ಹೆಚ್ಚು ಬೇಡದ ಬಿಯರ್ ಆದರೆ ವ್ಯಾಪ್ತಿಯ ಕೆಳಗಿನ ಅರ್ಧದಲ್ಲಿ ಶುರು ಮಾಡಿ.

ಮಾಮೂಲಿ ಏಲ್ (ಸ್ವಲ್ಪ ಬೆಚ್ಚಗೆ ಹುದುಗಿಸುವ ಬಿಯರ್) ಯೀಸ್ಟ್‌ಗಳಿಗೆ 18ರಿಂದ 20 ಡಿಗ್ರಿ ಒಳ್ಳೆಯ ಜಾಗ. ಲಾಗರ್ (ತಣ್ಣಗೆ, ನಿಧಾನವಾಗಿ ಹುದುಗಿಸುವ ಬಿಯರ್) ಯೀಸ್ಟ್‌ಗಳಿಗೆ 9ರಿಂದ 13. ಜರ್ಮನ್ ಶೈಲಿಯ ಗೋಧಿ ಬಿಯರ್‌ನಲ್ಲಿ ಬಾಳೆಹಣ್ಣಿನ ವಾಸನೆ, ಲವಂಗದ ವಾಸನೆ ಎರಡೂ ಯೀಸ್ಟ್‌ನಿಂದಲೇ ಬರುತ್ತವೆ. 17–18ರಲ್ಲಿ ಇಟ್ಟರೆ ಲವಂಗ ಮುಂದೆ ಬರುತ್ತದೆ, 22ರ ಕಡೆ ಹೋದರೆ ಬಾಳೆಹಣ್ಣು. ಬೆಲ್ಜಿಯಂನ ಸೈಸನ್ ಯೀಸ್ಟ್‌ಗಳಲ್ಲಿ ಕೆಲವು 30 ಡಿಗ್ರಿಯ ಆಸುಪಾಸಿನಲ್ಲೇ ಹುರುಪಾಗಿ ಇರುತ್ತವೆ. ನಾರ್ವೆಯ ಹಳ್ಳಿಮನೆಗಳಿಂದ ಬಂದ ಕ್ವೈಕ್ ಯೀಸ್ಟ್‌ಗಳ ಕಥೆಯೇ ಬೇರೆ. 35 ಡಿಗ್ರಿಯಲ್ಲೂ ಅವು ಶುಚಿಯಾಗಿ ಹುದುಗುತ್ತವೆ, ಕೆಲವಂತೂ ಎರಡು ಮೂರು ದಿನದಲ್ಲೇ ಕೆಲಸ ಮುಗಿಸುತ್ತವೆ.

ಹಾಗಾಗಿ ತಂಪು ಮಾಡುವ ಯಾವ ಅನುಕೂಲವೂ ಇಲ್ಲದವರು ಸೆಕೆಯ ದಿನಗಳಲ್ಲಿ ಕ್ವೈಕ್ ಅಥವಾ ಸೈಸನ್ ಯೀಸ್ಟ್ ತರುವುದೇ ಜಾಣತನ. 28 ಡಿಗ್ರಿಯ ರೂಮಿನಲ್ಲಿ ಏಲ್ ಯೀಸ್ಟ್ ಇಟ್ಟುಕೊಂಡು ಒದ್ದಾಡುವ ಅಗತ್ಯ ಏನಿದೆ, ಅಲ್ವಾ? ಲಾಗರ್ ಮಾಡುವ ಆಸೆ ಇದ್ದು ಅಷ್ಟು ತಂಪು ಸಿಗದವರಿಗೂ ಒಂದು ದಾರಿ ಇದೆ. 34/70 ಅನ್ನುವ ಹೆಸರಿನ ಲಾಗರ್ ಯೀಸ್ಟ್ 16–18 ಡಿಗ್ರಿಯಲ್ಲೂ ಸಾಕಷ್ಟು ಶುಚಿಯಾದ ಬಿಯರ್ ಕೊಡುತ್ತದೆ.

ಮೊದಲಿನವರೂ ಇದೇ ಮಾಡಿದ್ದು, ಕಾಲ ನೋಡಿ ಬಿಯರ್ ಮಾಡಿದ್ದು. ಬವೇರಿಯಾದಲ್ಲಿ 1553ರಲ್ಲಿ ಬೇಸಿಗೆಯಲ್ಲಿ ಬಿಯರ್ ಮಾಡುವುದನ್ನೇ ನಿಷೇಧಿಸಿದರು. ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಒಲೆ ಹಚ್ಚುವಂತಿಲ್ಲ. ಸೆಕೆಯಲ್ಲಿ ಮಾಡಿದ ಬಿಯರ್ ಅಷ್ಟು ಕೆಡುತ್ತಿತ್ತು. 1870ರ ದಶಕದಲ್ಲಿ ಕಾರ್ಲ್ ಫಾನ್ ಲಿಂಡೆ ತಂಪು ಮಾಡುವ ಯಂತ್ರ ಕಟ್ಟಿದಾಗ ಮೊದಲು ಮುಗಿಬಿದ್ದವರಲ್ಲಿ ಬಿಯರ್ ತಯಾರಕರೇ ಇದ್ದರು.

## ಹೆಜ್ಜೆ 2: ಸರಿಯಾಗಿ ಅಳೆಯುವ ವ್ಯವಸ್ಥೆ ಮಾಡಿಕೊಳ್ಳಿ

ಬಿಯರ್ ಮಾಡುವುದಕ್ಕೆ ಮೊದಲೇ ಫರ್ಮೆಂಟರ್‌ಗೆ, ಅಂದರೆ ಬಿಯರ್ ಹುದುಗುವ ಪಾತ್ರೆಗೆ, 20 ಲೀಟರ್ ಬರೀ ನೀರು ತುಂಬಿ. ನೀವು ಅಂದುಕೊಂಡ ಜಾಗದಲ್ಲಿ ಒಂದೆರಡು ದಿನ ಇಡಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ನೀರಿನ ತಾಪಮಾನ ಬರೆದಿಟ್ಟುಕೊಳ್ಳಿ. ಹಗಲು ರಾತ್ರಿಗೆ ರೂಮಿನ ಗಾಳಿ 8 ಡಿಗ್ರಿ ಏರಿಳಿದರೂ ನೀರು ಒಂದೆರಡು ಡಿಗ್ರಿಗಿಂತ ಜಾಸ್ತಿ ಅಲ್ಲಾಡದ ಜಾಗಗಳು ಮನೆಯಲ್ಲಿ ಇರುತ್ತವೆ. ಹೊರಗೋಡೆಗೆ ತಾಗದ ಮೂಲೆ, ನೆಲಕ್ಕೆ ಹತ್ತಿರದ ಕಪಾಟು, ಬಿಸಿಲು ಬೀಳದ ಸ್ಟೋರ್ ರೂಮ್ ಇಂಥವು. ಕಿಟಕಿಯ ಪಕ್ಕ, ಅಡಿಗೆಮನೆ, ಫ್ರಿಜ್‌ನ ಹಿಂಭಾಗ ಬೇಡ.

ಥರ್ಮಾಮೀಟರ್ ನಿಜ ಹೇಳುತ್ತಿದೆಯೇ ನೋಡುವುದು ಸುಲಭ. ಒಂದು ಲೋಟ ತುಂಬ ಪುಡಿ ಮಾಡಿದ ಐಸ್ ಹಾಕಿ, ಐಸ್ ಮುಳುಗುವಷ್ಟೇ ನೀರು ಹಾಕಿ, ಚೆನ್ನಾಗಿ ಕಲಕಿ. ಎರಡು ನಿಮಿಷ ಬಿಟ್ಟು ನೋಡಿದರೆ 0 ಡಿಗ್ರಿ ತೋರಿಸಬೇಕು. 1.5 ತೋರಿಸಿದರೆ ಮುಂದೆ ಓದುವಾಗಲೂ 1.5 ಕಳೆಯಿರಿ.

ಪಾತ್ರೆಯ ಹೊರಗೆ ಅಂಟಿಸುವ ಬಣ್ಣ ಬದಲಿಸುವ ಸ್ಟ್ರಿಪ್ ಇದೆಯಲ್ಲ, ಅದು ಅಗ್ಗ, ಸುಮಾರಾಗಿ ಸಾಕು. ಬಿಯರ್ ಇರುವ ಮಟ್ಟಕ್ಕಿಂತ ಕೆಳಗೆ ಅಂಟಿಸಬೇಕು ಅಷ್ಟೆ. ಅದಕ್ಕಿಂತ ವಾಸಿ ವೈರ್ ಇರುವ ಡಿಜಿಟಲ್ ಪ್ರೋಬ್. ಅದನ್ನು ಕಟ್ಟುವ ರೀತಿ ಮುಖ್ಯ. ಪಾತ್ರೆಯ ಹೊರಮೈಯನ್ನು ಒಣಬಟ್ಟೆಯಲ್ಲಿ ಒರೆಸಿ. ಬಿಯರ್‌ನ ಎತ್ತರದ ಅರ್ಧಕ್ಕೆ ಸರಿಯಾಗಿ ಪ್ರೋಬ್‌ನ ಲೋಹದ ತುದಿಯನ್ನು ಒತ್ತಿ ಹಿಡಿದು ಮೊದಲು ಒಂದು ಪಟ್ಟಿ ಟೇಪ್ ಹಾಕಿ. ಅದರ ಮೇಲೆ ಅಂಗೈ ಅಗಲದ, ಎರಡು ಮೂರು ಸೆಂಟಿಮೀಟರ್ ದಪ್ಪದ ಫೋಮ್ ತುಂಡು ಇಟ್ಟು ನಾಲ್ಕೂ ಅಂಚಿಗೆ ಟೇಪ್ ಸುತ್ತಿ. ನಾಲ್ಕು ಮಡಿಕೆ ಬಬಲ್ ರ‍್ಯಾಪ್ ಆದರೂ ಆಗುತ್ತದೆ. ಈ ಹೊದಿಕೆ ಇಲ್ಲದಿದ್ದರೆ ಪ್ರೋಬ್ ಅರ್ಧ ಬಿಯರನ್ನೂ ಅರ್ಧ ಗಾಳಿಯನ್ನೂ ಅಳೆಯುತ್ತದೆ. ಹೊದಿಕೆ ಇದ್ದರೆ ಒಳಗಿನ ಬಿಯರ್‌ಗೆ ತೀರಾ ಹತ್ತಿರದ ಅಂಕಿ ಸಿಗುತ್ತದೆ.

ಮುಚ್ಚಳ ತೆಗೆದು ದಿನಕ್ಕೆ ನಾಲ್ಕು ಸಲ ಥರ್ಮಾಮೀಟರ್ ಅದ್ದಿ ನೋಡುವುದು ಬೇಡವೇ ಬೇಡ. ಕುತೂಹಲಕ್ಕೆ ಬಿಯರ್ ಬಲಿಯಾಗುತ್ತದೆ.

## ಹೆಜ್ಜೆ 3: ಯೀಸ್ಟ್ ಹಾಕುವ ಮೊದಲೇ ತಣ್ಣಗೆ ಮಾಡಿ

ಇಲ್ಲಿ ಅವಸರ ಪಡುವವರೇ ಜಾಸ್ತಿ. ವರ್ಟ್ 28ಕ್ಕೆ ಇಳಿದಿದೆ, ನಲ್ಲಿ ನೀರಿನಲ್ಲಿ ಇನ್ನು ತಣ್ಣಗಾಗುತ್ತಿಲ್ಲ, ರಾತ್ರಿ ಹನ್ನೊಂದಾಗಿದೆ. ಯೀಸ್ಟ್ ಹಾಕಿಬಿಡೋಣ, ಬೆಳಿಗ್ಗೆಯೊಳಗೆ ತಾನೇ ತಣ್ಣಗಾಗುತ್ತದೆ ಅನ್ನುವ ಯೋಚನೆ ಬರುತ್ತದೆ. ಆದರೆ ಬೆಳಿಗ್ಗೆಯೊಳಗೆ ಯೀಸ್ಟ್ ಎದ್ದು ತನ್ನ ಬಿಸಿಯನ್ನೂ ಸೇರಿಸಲು ಶುರು ಮಾಡಿರುತ್ತದೆ. ವರ್ಟ್ ಇಳಿಯುವುದೇ ಇಲ್ಲ.

ಬದಲಿಗೆ ಹೀಗೆ ಮಾಡಿ. ಎಷ್ಟು ತಣ್ಣಗಾಗುತ್ತದೋ ಅಷ್ಟು ಮಾಡಿ, ಸ್ಯಾನಿಟೈಸ್ ಮಾಡಿದ ಫರ್ಮೆಂಟರ್‌ಗೆ ಸುರಿದು, ಮುಚ್ಚಳ ಹಾಕಿ ಫ್ರಿಜ್‌ನಲ್ಲೋ ಐಸ್ ನೀರಿನ ಟಬ್‌ನಲ್ಲೋ ಇಡಿ. ಬಯಸಿದ ತಾಪಮಾನಕ್ಕಿಂತ 1–2 ಡಿಗ್ರಿ ಕೆಳಗೆ ಬಂದ ಮೇಲೆ ಯೀಸ್ಟ್ ಹಾಕಿ. 19ರಲ್ಲಿ ಹುದುಗಿಸಬೇಕೆಂದರೆ 17ಕ್ಕೆ ಹಾಕಿ, ತಾನಾಗಿ 19ಕ್ಕೆ ಏರಲಿ. ಶುಚಿ ಕಾಪಾಡಿದ್ದರೆ ಒಂದು ರಾತ್ರಿ ಕಾದರೆ ಏನೂ ಆಗುವುದಿಲ್ಲ. ಆದರೆ ಒಂದು ವಿಷಯ. ಬಿಸಿ ವರ್ಟ್ ತಣ್ಣಗಾಗುವಾಗ ಒಳಗಿನ ಗಾಳಿ ಕುಗ್ಗಿ ಏರ್‌ಲಾಕ್‌ನ (ಗ್ಯಾಸ್ ಹೊರಗೆ ಬಿಟ್ಟು ಗಾಳಿಯನ್ನು ಒಳಗೆ ಬಿಡದ ಚಿಕ್ಕ ನೀರಿನ ಕವಾಟ) ನೀರನ್ನು ಒಳಗೆ ಎಳೆಯುತ್ತದೆ. ಆ ಹೊತ್ತಿಗೆ ಏರ್‌ಲಾಕ್ ಬದಲು ಸ್ಯಾನಿಟೈಸರ್‌ನಲ್ಲಿ ಅದ್ದಿದ ಫಾಯಿಲ್ ಹೊದಿಸಿ.

ಯೀಸ್ಟ್‌ಗೂ ವರ್ಟ್‌ಗೂ ತಾಪಮಾನದಲ್ಲಿ ತುಂಬ ಅಂತರ ಇರಬಾರದು. 30 ಡಿಗ್ರಿ ನೀರಿನಲ್ಲಿ ನೆನೆಸಿದ ಒಣ ಯೀಸ್ಟನ್ನು ತಟ್ಟನೆ 12 ಡಿಗ್ರಿಯ ವರ್ಟ್‌ಗೆ ಸುರಿದರೆ ಅದಕ್ಕೆ ಆಘಾತವಾಗುತ್ತದೆ. ನೆನೆಸಿದ ಯೀಸ್ಟ್‌ಗೆ ಸ್ವಲ್ಪ ಸ್ವಲ್ಪವೇ ತಣ್ಣನೆಯ ವರ್ಟ್ ಸೇರಿಸಿ, ಐದೈದು ನಿಮಿಷ ಬಿಟ್ಟು ಇಳಿಸಿಕೊಳ್ಳಿ. ಲಾಗರ್‌ಗೆ ಏಲ್‌ಗಿಂತ ಸುಮಾರು ಎರಡು ಪಟ್ಟು ಯೀಸ್ಟ್ ಬೇಕು ಅನ್ನುವುದೂ ನೆನಪಿರಲಿ. ತಣ್ಣಗಿರುವಾಗ ಯೀಸ್ಟ್ ನಿಧಾನವಾಗಿ ಬೆಳೆಯುತ್ತದೆ, ಅದಕ್ಕೆ ಮೊದಲೇ ಜಾಸ್ತಿ ಕೊಡಬೇಕು.

## ಹೆಜ್ಜೆ 4: ಮೊದಲ ಮೂರು ದಿನ ಹಿಡಿದಿಡಿ

### ಟಬ್ ಮತ್ತು ಐಸ್ ಬಾಟಲಿ

ಹೆಚ್ಚು ಖರ್ಚಿಲ್ಲದ, ಆದರೆ ನಿಜಕ್ಕೂ ಕೆಲಸ ಮಾಡುವ ದಾರಿ ಇದು. ಫರ್ಮೆಂಟರನ್ನು ಒಂದು ದೊಡ್ಡ ಟಬ್‌ನಲ್ಲಿಟ್ಟು ಸುತ್ತ ನೀರು ತುಂಬಿ. ನೀರಿನ ಮಟ್ಟ ಒಳಗಿನ ಬಿಯರ್‌ನ ಮಟ್ಟಕ್ಕೆ ಆದಷ್ಟು ಹತ್ತಿರ ಬರಲಿ. ಪಾತ್ರೆ ತೇಲದಂತೆ ನೋಡಿಕೊಳ್ಳಿ. ನೀರು ಗಾಳಿಗಿಂತ ಎಷ್ಟೋ ಬೇಗ ಬಿಸಿಯನ್ನು ಎಳೆದುಕೊಳ್ಳುವುದರಿಂದ ಬಿಯರ್‌ಗೂ ಟಬ್ ನೀರಿಗೂ ಅಂತರ ಕಮ್ಮಿ ಇರುತ್ತದೆ.

ಈಗ ಐಸ್‌ನ ಲೆಕ್ಕ. 1 ಕಿಲೋ ಐಸ್ ಕರಗಲು 334 ಕಿಲೋಜೂಲ್ ಬಿಸಿ ಬೇಕು. 1 ಲೀಟರ್ ನೀರನ್ನು 1 ಡಿಗ್ರಿ ಇಳಿಸಲು 4.2 ಕಿಲೋಜೂಲ್ ತೆಗೆಯಬೇಕು. ಅಂದರೆ 1 ಲೀಟರ್‌ನ ಐಸ್ ಬಾಟಲಿಯೊಂದು ಕರಗುವಷ್ಟರಲ್ಲಿ 40 ಲೀಟರನ್ನು ಹೆಚ್ಚುಕಮ್ಮಿ 2 ಡಿಗ್ರಿ ಇಳಿಸುತ್ತದೆ. 20 ಲೀಟರ್ ಬಿಯರ್, 20 ಲೀಟರ್ ಟಬ್ ನೀರು ಇದ್ದರೆ ಇದೇ ನಿಮ್ಮ ಅಳತೆ: ಒಂದು ಬಾಟಲಿ, 2 ಡಿಗ್ರಿ.

ಈ ಲೆಕ್ಕದಿಂದ ಇನ್ನೊಂದು ಸ್ವಾರಸ್ಯದ ಸಂಗತಿ ಹೊರಬೀಳುತ್ತದೆ. ಯೀಸ್ಟ್ ಇಡೀ ಹುದುಗುವಿಕೆಯಲ್ಲಿ ಹುಟ್ಟಿಸುವ ಬಿಸಿಯನ್ನು ತೆಗೆಯಲು ಇಂಥ ಮೂರು ಬಾಟಲಿ ಸಾಕು. ಆದರೆ ಸೆಕೆಯಲ್ಲಿ ಮಾಡುವವರು ದಿನಕ್ಕೇ ನಾಲ್ಕು, ಆರು ಬಾಟಲಿ ಹಾಕುತ್ತಿರುತ್ತಾರೆ. ಉಳಿದದ್ದೆಲ್ಲ ಹೋಗುವುದು ರೂಮಿನಿಂದ ಟಬ್‌ಗೆ ನುಗ್ಗುವ ಬಿಸಿಯನ್ನು ತಡೆಯಲು. ಹಾಗಾಗಿ ಬಾಟಲಿಗಳ ಸಂಖ್ಯೆ ಹೆಚ್ಚಿಸುವ ಮೊದಲು ಟಬ್‌ಗೆ ಹೊದಿಕೆ ಹಾಕಿ. ಹಳೆಯ ಕಂಬಳಿ, ಮಲಗುವ ಫೋಮ್ ಮ್ಯಾಟ್, ಥರ್ಮೋಕೋಲ್ ಹಾಳೆ ಯಾವುದಾದರೂ ಸರಿ. ನೀರಿನ ಮೇಲ್ಭಾಗವನ್ನೂ ಮುಚ್ಚಿ. ಅರ್ಧದಷ್ಟು ಐಸ್ ಉಳಿಯಬಹುದು.

ಬಾಟಲಿಗಳನ್ನು ಎರಡು ಗುಂಪು ಮಾಡಿಕೊಳ್ಳಿ. ಒಂದು ಗುಂಪು ಟಬ್‌ನಲ್ಲಿದ್ದರೆ ಇನ್ನೊಂದು ಫ್ರೀಜರ್‌ನಲ್ಲಿ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಬದಲಿಸಿದರೆ ಸಾಮಾನ್ಯವಾಗಿ ಸಾಕಾಗುತ್ತದೆ. ಬಾಟಲಿ ಹಾಕಿದ ಕೂಡಲೇ ಪ್ರೋಬ್ ನೋಡುತ್ತಾ ನಿಲ್ಲಬೇಡಿ. ತಂಪು ಪಾತ್ರೆಯ ಗೋಡೆ ದಾಟಿ ಒಳಗೆ ಹೋಗಲು ಹೊತ್ತು ಬೇಕು. ಎರಡು ಗಂಟೆ ಬಿಟ್ಟು ನೋಡಿ, ಆಮೇಲೆ ಇನ್ನೊಂದು ಬೇಕೋ ಬೇಡವೋ ತೀರ್ಮಾನಿಸಿ. ಬಾಟಲಿಗೆ ಪೂರ್ತಿ ನೀರು ತುಂಬಬೇಡಿ, ಹೆಪ್ಪುಗಟ್ಟುವಾಗ ಹಿಗ್ಗಿ ಒಡೆಯುತ್ತದೆ. ಟಬ್ ನೀರಿಗೆ ಸ್ವಲ್ಪ ಸ್ಯಾನಿಟೈಸರ್ ಅಥವಾ ಬ್ಲೀಚ್ ಹಾಕಿದರೆ ಪಾಚಿ ಕಟ್ಟುವುದಿಲ್ಲ.

### ಒದ್ದೆ ಬಟ್ಟೆ ಮತ್ತು ಫ್ಯಾನ್

ಫರ್ಮೆಂಟರ್‌ಗೆ ಹಳೆಯ ಟೀ ಶರ್ಟ್ ತೊಡಿಸಿ, ಅದರ ಕೆಳಗಿನ ಅಂಚು ತಟ್ಟೆಯ ನೀರಿನಲ್ಲಿ ಮುಳುಗುವಂತೆ ಇಟ್ಟು, ಫ್ಯಾನ್ ಹಾಕಿ. ನೀರು ಆರುವಾಗ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಒಣ ಹವೆಯಲ್ಲಿ 3–5 ಡಿಗ್ರಿ ಆರಾಮಾಗಿ ಇಳಿಯುತ್ತದೆ. ಹವೆಯಲ್ಲಿ ತೇವ ಜಾಸ್ತಿ ಇದ್ದರೆ ಹೆಚ್ಚೇನೂ ಆಗುವುದಿಲ್ಲ. ಮಳೆಯ ದಿನಗಳಲ್ಲಿ ಬಟ್ಟೆಯೇ ಒಣಗದಿದ್ದರೆ ಇದೂ ನಡೆಯುವುದಿಲ್ಲ. ಇನ್ನೊಂದು ಮಾತು: ಕಂಬಳಿ ಹೊದಿಸಿದ ಟಬ್‌ಗೆ ಫ್ಯಾನ್ ಹಾಕಿ ಪ್ರಯೋಜನವಿಲ್ಲ. ಒಂದೋ ಹೊದಿಕೆ ಮತ್ತು ಐಸ್, ಇಲ್ಲವೇ ಒದ್ದೆ ಬಟ್ಟೆ ಮತ್ತು ಗಾಳಿ. ಯಾವುದೇ ಆಗಲಿ, ನೀರಿನ ಹತ್ತಿರ ಪ್ಲಗ್, ಎಕ್ಸ್‌ಟೆನ್ಷನ್ ಬೋರ್ಡ್ ಇಡಬೇಡಿ.

### ಹಳೆ ಫ್ರಿಜ್ ಮತ್ತು ಕಂಟ್ರೋಲರ್

ವರ್ಷಕ್ಕೆ ನಾಲ್ಕೈದು ಸಲಕ್ಕಿಂತ ಜಾಸ್ತಿ ಬಿಯರ್ ಮಾಡುವವರು ಹೊಸ ಕೆಟಲ್, ಹೊಸ ಗ್ರೈಂಡರ್ ಅಂತ ದುಡ್ಡು ಹಾಕುವ ಮೊದಲು ಇದಕ್ಕೆ ಹಾಕಬೇಕು ಅನ್ನುವುದು ನನ್ನ ಅಭಿಪ್ರಾಯ. ಕೆಲಸ ಮಾಡುವ ಯಾವುದಾದರೂ ಹಳೆ ಫ್ರಿಜ್, ಒಂದು ಪ್ಲಗ್-ಇನ್ ತಾಪಮಾನ ಕಂಟ್ರೋಲರ್ ಇದ್ದರೆ ಆಯಿತು. ಕಂಟ್ರೋಲರ್‌ನಲ್ಲಿ ತಂಪಿಗೊಂದು, ಬಿಸಿಗೊಂದು ಹೀಗೆ ಎರಡು ಸಾಕೆಟ್ ಇರುವುದನ್ನೇ ತೆಗೆದುಕೊಳ್ಳಿ.

ಫ್ರಿಜ್‌ನ ಸ್ವಂತ ಥರ್ಮೋಸ್ಟಾಟನ್ನು ಅತಿ ತಣ್ಣನೆಯ ಗುರುತಿಗೆ ತಿರುಗಿಸಿಬಿಡಿ. ಯಾವಾಗ ಓಡಬೇಕು, ಯಾವಾಗ ನಿಲ್ಲಬೇಕು ಅನ್ನುವುದನ್ನು ಇನ್ನು ಕಂಟ್ರೋಲರ್ ನೋಡಿಕೊಳ್ಳುತ್ತದೆ. ಪ್ರೋಬ್‌ನ ತೆಳು ವೈರ್ ಬಾಗಿಲ ರಬ್ಬರ್ ಅಂಚಿನ ನಡುವೆ ಹಾದುಹೋದರೆ ತೊಂದರೆಯಿಲ್ಲ, ಫ್ರಿಜ್‌ಗೆ ತೂತು ಕೊರೆಯಬೇಡಿ. ಕೊರೆಯುವಾಗ ಒಳಗಿನ ಗ್ಯಾಸ್ ಪೈಪ್‌ಗೆ ತಾಗಿದರೆ ಫ್ರಿಜ್ ಕಥೆ ಮುಗಿದಂತೆ.

ಪ್ರೋಬ್ ಎಲ್ಲಿಡಬೇಕು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಸುಮ್ನೆ ಫ್ರಿಜ್‌ನ ಗಾಳಿಯಲ್ಲಿ ನೇತುಹಾಕಿದರೆ ಗಾಳಿ 18ರಲ್ಲಿರುತ್ತದೆ, ಬಿಯರ್ 22ರಲ್ಲಿ. ಬಾಗಿಲು ತೆಗೆದಾಗಲೆಲ್ಲ ಕಂಪ್ರೆಸರ್ ಎದ್ದು ಕೂರುತ್ತದೆ. ಬಿಯರ್‌ನ ನಟ್ಟನಡುವೆ ಥರ್ಮೋವೆಲ್ ಕೊಳವೆಯಲ್ಲಿ ಇಟ್ಟರೆ ಅಂಕಿ ನಿಖರ, ಆದರೆ ಬೇರೆ ತೊಡಕು. ಬಿಯರ್‌ನ ನಡುವು 18ಕ್ಕೆ ಇಳಿಯುವಷ್ಟರಲ್ಲಿ ಫ್ರಿಜ್ ಒಳಗಿನ ಗಾಳಿ 3–4 ಡಿಗ್ರಿಗೆ ಹೋಗಿರುತ್ತದೆ. ಬ್ರೇಕ್ ಒತ್ತಿದ ಮೇಲೂ ಗಾಡಿ ಸ್ವಲ್ಪ ಮುಂದೆ ಹೋಗುವಂತೆ, ಕಂಪ್ರೆಸರ್ ನಿಂತ ಮೇಲೂ ಬಿಯರ್ ತಣ್ಣಗಾಗುತ್ತಲೇ ಇರುತ್ತದೆ. ನನ್ನ ಮಟ್ಟಿಗೆ ಪಾತ್ರೆಯ ಪಕ್ಕಕ್ಕೆ ಫೋಮ್ ಹೊದಿಸಿ ಕಟ್ಟುವುದೇ ಸರಿಯಾದ ನಡುದಾರಿ.

ಸೆಟ್ಟಿಂಗ್ ಹೀಗಿರಲಿ. ಗುರಿ 18 ಡಿಗ್ರಿ ಆದರೆ ತಂಪಿನ ಅಂತರ 0.5. ಅಂದರೆ 18.5ಕ್ಕೆ ಫ್ರಿಜ್ ಶುರು, 18ಕ್ಕೆ ಬಂದ್. ಬಿಸಿಯ ಅಂತರ 1 ಇಡಿ, 17ಕ್ಕೆ ಹೀಟರ್ ಶುರುವಾಗುತ್ತದೆ. ಎರಡಕ್ಕೂ ತೀರಾ ಚಿಕ್ಕ ಅಂತರ ಕೊಟ್ಟರೆ ಫ್ರಿಜ್ ತಣ್ಣಗೆ ಮಾಡುವುದು, ಹೀಟರ್ ಬಿಸಿ ಮಾಡುವುದು, ರಾತ್ರಿಯೆಲ್ಲ ಇವೆರಡರ ಜಗಳ ನಡೆಯುತ್ತದೆ. ಕಂಪ್ರೆಸರ್ ತಡ ಅನ್ನುವ ಸೆಟ್ಟಿಂಗ್ 5 ನಿಮಿಷಕ್ಕಿಂತ ಕಮ್ಮಿ ಬೇಡ. ನಿಂತ ತಕ್ಷಣ ಮತ್ತೆ ಚಾಲೂ ಆದರೆ ಕಂಪ್ರೆಸರ್ ಬೇಗ ಹಾಳಾಗುತ್ತದೆ.

ಮೇಲೆ ಬಾಗಿಲಿರುವ ಚೆಸ್ಟ್ ಫ್ರೀಜರ್ ಬಳಸುವವರಿಗೆ ಒಂದು ಎಚ್ಚರಿಕೆ. 20 ಲೀಟರ್ ಬಿಯರ್ ಹುದುಗುವಾಗ ಸುಮಾರು 400 ಲೀಟರ್ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಅದು ಗಾಳಿಗಿಂತ ಭಾರ, ಪೆಟ್ಟಿಗೆಯ ತಳದಲ್ಲಿ ನಿಲ್ಲುತ್ತದೆ. ಬಾಗಿಲು ತೆಗೆದ ಕೂಡಲೇ ತಲೆ ಒಳಗೆ ಹಾಕಬೇಡಿ, ಸ್ವಲ್ಪ ಗಾಳಿಯಾಡಲು ಬಿಡಿ. ಪಾತ್ರೆ ಇಟ್ಟ ರೂಮಿಗೂ ಗಾಳಿ ಬರುತ್ತಿರಬೇಕು.

### ಚಳಿ ಜಾಸ್ತಿ ಇರುವಾಗ

ಪಾತ್ರೆಗೆ ಸುತ್ತುವ ಹೀಟ್ ಬೆಲ್ಟ್ ಅಥವಾ ಕಮ್ಮಿ ವ್ಯಾಟ್‌ನ ಹೀಟ್ ಪ್ಯಾಡ್ ಸಾಕು. ಎರಡನ್ನೂ ಕಂಟ್ರೋಲರ್ ಮೂಲಕವೇ ಓಡಿಸಿ. ನೇರ ಗೋಡೆಯ ಪ್ಲಗ್‌ಗೆ ಹಾಕಿ ಮರೆತರೆ ಬಿಯರ್ 30 ದಾಟಬಹುದು. ಹೀಟರ್ ಒಂದು ಪಕ್ಕ, ಪ್ರೋಬ್ ಎದುರು ಪಕ್ಕ ಇರಲಿ. ಗಾಜಿನ ಪಾತ್ರೆಯ ತಳಕ್ಕೆ ಪ್ಯಾಡ್ ಇಡಬೇಡಿ, ಒಂದೇ ಕಡೆ ಬಿಸಿಯಾಗಿ ಬಿರುಕು ಬಿಡಬಹುದು. ಬಲ್ಬ್ ಹಚ್ಚಿ ಬಿಸಿ ಮಾಡುವ ಉಪಾಯವೂ ಬೇಡ. ಹಾಪ್ಸ್‌ನ ಕಹಿ ವಸ್ತುಗಳಿಗೆ ಬೆಳಕು ತಾಗಿದರೆ ಕೆಟ್ಟ ನಾತ ಹುಟ್ಟುತ್ತದೆ. ಬಿಯರ್ ಬಾಟಲಿಗಳು ಕಂದು ಬಣ್ಣದಲ್ಲಿರುವುದು ಇದೇ ಕಾರಣಕ್ಕೆ.

## ಹೆಜ್ಜೆ 5: ಮೂರನೇ ದಿನದ ನಂತರ ಏರಲು ಬಿಡಿ

ಹಲವರು ಇಲ್ಲೇ ಎಡವುತ್ತಾರೆ. ಮೊದಲ ಮೂರು ದಿನ 18ರಲ್ಲಿ ಹಿಡಿದಿಟ್ಟ ಖುಷಿಯಲ್ಲಿ ಕೊನೆಯವರೆಗೂ 18ರಲ್ಲೇ ಇಡುತ್ತಾರೆ. ಅಥವಾ ಯೀಸ್ಟ್‌ನ ಜೋರು ಇಳಿದಾಗ ಅದು ಹುಟ್ಟಿಸುವ ಬಿಸಿಯೂ ನಿಲ್ಲುತ್ತದೆ, ತಂಪಿನ ವ್ಯವಸ್ಥೆ ಮಾತ್ರ ಮುಂದುವರಿದಿರುತ್ತದೆ, ಬಿಯರ್ ತಾನಾಗಿ 16ಕ್ಕೆ ಜಾರುತ್ತದೆ. ಯೀಸ್ಟ್ ಮಲಗಿಬಿಡುತ್ತದೆ.

ಗ್ರಾವಿಟಿ ಮುಕ್ಕಾಲು ಭಾಗ ಇಳಿದ ಮೇಲೆ ಎಸ್ಟರ್, ಫ್ಯೂಸೆಲ್‌ಗಳ ಭಯ ಬಹುತೇಕ ಮುಗಿದಿರುತ್ತದೆ. 1.050ರಿಂದ ಶುರುವಾಗಿ 1.010ಕ್ಕೆ ಮುಗಿಯಬೇಕಾದ ಏಲ್ 1.020 ಮುಟ್ಟಿದಾಗ ದಿನಕ್ಕೆ 1 ಡಿಗ್ರಿಯಂತೆ ಏರಿಸಿ 21ಕ್ಕೆ ತನ್ನಿ. ಅಲ್ಲೇ ಮೂರು ನಾಲ್ಕು ದಿನ ಬಿಡಿ. ಟಬ್ ಬಳಸುವವರು ಐಸ್ ಹಾಕುವುದನ್ನು ನಿಲ್ಲಿಸಿ, ಪಾತ್ರೆಯನ್ನು ನೀರಿನಿಂದ ಎತ್ತಿ ಹೊರಗಿಟ್ಟರೆ ಸಾಕು.

ಲಾಗರ್‌ಗೆ ಇದು ಇನ್ನೂ ಮುಖ್ಯ. 10 ಡಿಗ್ರಿಯಲ್ಲಿ ಶುರು ಮಾಡಿ, ಒಂದು ವಾರದ ಆಸುಪಾಸಿನಲ್ಲಿ ಗ್ರಾವಿಟಿ ಕೊನೆಯ ಅಂಕಿಗೆ ಐದಾರು ಪಾಯಿಂಟ್ (ಒಂದು ಪಾಯಿಂಟ್ ಅಂದರೆ 0.001) ದೂರ ಇರುವಾಗ 16–18ಕ್ಕೆ ಏರಿಸಿ ಎರಡು ಮೂರು ದಿನ ಇಡಬೇಕು. ಇದನ್ನು ಡಯಾಸಿಟೈಲ್ ರೆಸ್ಟ್ ಅನ್ನುತ್ತಾರೆ. ದಿನ ಎಣಿಸಬೇಡಿ, ಗ್ರಾವಿಟಿ ನೋಡಿ. ಒಬ್ಬರಿಗೆ ಆರು ದಿನಕ್ಕೆ ಬರುವ ಅಂಕಿ ಇನ್ನೊಬ್ಬರಿಗೆ ಹತ್ತು ದಿನಕ್ಕೆ ಬರಬಹುದು. ಲಾಗರ್ ಹುದುಗುವಾಗ ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಬರಿಯಾಗಬೇಡಿ. ಅದು ಗಂಧಕದ ವಾಸನೆ, ಸಾಮಾನ್ಯವಾಗಿ ತಾನೇ ಹೋಗುತ್ತದೆ.

ಡಯಾಸಿಟೈಲ್ ಪೂರ್ತಿ ಹೋಗಿದೆಯೇ ಅಂತ ನೋಡಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಎರಡು ಚಿಕ್ಕ ಲೋಟಗಳಲ್ಲಿ ಬಿಯರ್ ತೆಗೆದುಕೊಳ್ಳಿ. ಎರಡಕ್ಕೂ ಫಾಯಿಲ್ ಮುಚ್ಚಿ. ಒಂದನ್ನು ಹಾಗೇ ಬಿಡಿ. ಇನ್ನೊಂದನ್ನು 60 ಡಿಗ್ರಿಯ ಬಿಸಿನೀರಿನಲ್ಲಿ 20 ನಿಮಿಷ ಕೂರಿಸಿ, ಆಮೇಲೆ ತಣ್ಣೀರಿನಲ್ಲಿ ಮೊದಲಿನಷ್ಟೇ ತಣ್ಣಗೆ ಮಾಡಿ. ಫಾಯಿಲ್ ತೆಗೆದು ಎರಡನ್ನೂ ಮೂಸಿ ನೋಡಿ. ಬಿಸಿ ಮಾಡಿದ್ದರಲ್ಲಿ ಬೆಣ್ಣೆಯ ವಾಸನೆ ಬಂದರೆ ಡಯಾಸಿಟೈಲ್ ಆಗುವ ಕಚ್ಚಾ ವಸ್ತು ಬಿಯರ್‌ನಲ್ಲಿ ಇನ್ನೂ ಇದೆ ಅಂತ ಅರ್ಥ. ಇನ್ನೂ ಎರಡು ದಿನ ಬಿಸಿಯಲ್ಲೇ ಬಿಡಿ. ಈಗ ತಣ್ಣಗೆ ಮಾಡಿ ಬಾಟಲಿಗೆ ತುಂಬಿದರೆ ಕೆಲವು ವಾರದ ನಂತರ ಅದೇ ವಾಸನೆ ಬಾಟಲಿಯಲ್ಲಿ ಎದ್ದು ಕೂರುತ್ತದೆ.

## ಹೆಜ್ಜೆ 6: ಮುಗಿದ ಮೇಲೆ ತಣ್ಣಗೆ ಮಾಡುವುದು

ಎರಡು ಮೂರು ದಿನ ಬಿಟ್ಟು ಬಿಟ್ಟು ನೋಡಿದರೂ ಗ್ರಾವಿಟಿ ಬದಲಾಗದಿದ್ದರೆ ಹುದುಗುವಿಕೆ ಮುಗಿದಿದೆ. ಬೇಕಿದ್ದರೆ ಈಗ ಕೋಲ್ಡ್ ಕ್ರ್ಯಾಶ್ ಮಾಡಿ, ಅಂದರೆ 1–3 ಡಿಗ್ರಿಗೆ ಇಳಿಸಿ ಎರಡು ದಿನ ಇಡಿ. ಯೀಸ್ಟ್ ಮತ್ತು ಹಾಪ್ಸ್ ಚೂರು ತಳಕ್ಕೆ ಕೂತು ಬಿಯರ್ ತಿಳಿಯಾಗುತ್ತದೆ. ಲಾಗರ್ ಆದರೆ ಇದೇ ತಂಪಿನಲ್ಲಿ ಕೆಲವು ವಾರ ಬಿಡಬಹುದು. ಅನುಕೂಲ ಇಲ್ಲದಿದ್ದರೆ ಈ ಹೆಜ್ಜೆ ಬಿಟ್ಟರೂ ನಷ್ಟವಿಲ್ಲ, ಬಿಯರ್ ಕೊಂಚ ಮಸುಕಾಗಿರುತ್ತದೆ ಅಷ್ಟೆ.

ತಣ್ಣಗಾಗುವಾಗ ಪಾತ್ರೆ ಗಾಳಿ ಎಳೆದುಕೊಳ್ಳುತ್ತದೆ ಅಂತ ಆಗಲೇ ಹೇಳಿದೆ. ಇಲ್ಲಿ ಅದು ಇನ್ನೂ ಜಾಸ್ತಿ, ಯಾಕೆಂದರೆ ತಣ್ಣನೆಯ ಬಿಯರ್ ಮೇಲಿರುವ ಗ್ಯಾಸನ್ನೂ ಕುಡಿಯುತ್ತದೆ. ಮುಗಿದ ಬಿಯರ್‌ಗೆ ಆಮ್ಲಜನಕ ಆಗುವುದಿಲ್ಲ. ಏರ್‌ಲಾಕ್ ಬದಲು, ಹುದುಗುವಾಗ ಬಂದ ಗ್ಯಾಸನ್ನೇ ತುಂಬಿಟ್ಟ ಬಲೂನ್ ಅಥವಾ ಚೀಲವನ್ನು ಜೋಡಿಸಿದರೆ ಒಳಗೆ ಹೋಗುವುದು ಅದೇ ಗ್ಯಾಸ್. ಅದು ಸಾಧ್ಯವಾಗದಿದ್ದರೆ ಏರ್‌ಲಾಕ್‌ಗೆ ವೋಡ್ಕಾ ಹಾಕಿ, ನಾಲ್ಕು ಹನಿ ಒಳಗೆ ಹೋದರೂ ಚಿಂತೆಯಿಲ್ಲ.

## ಕೈಕೊಟ್ಟಾಗ

ಕರೆಂಟ್ ಹೋದರೆ ಫ್ರಿಜ್ ಬಾಗಿಲು ತೆಗೆಯಬೇಡಿ. 20 ಲೀಟರ್ ಬಿಯರ್ ಬೇಗ ಬಿಸಿಯಾಗುವುದಿಲ್ಲ, ನಾಲ್ಕು ಗಂಟೆ ಸಲೀಸಾಗಿ ತಡೆಯುತ್ತದೆ. ಇನ್ನೂ ಮೂರು ದಿನ ಕಳೆಯದ, ಜೋರಾಗಿ ಹುದುಗುತ್ತಿರುವ ಬಿಯರ್ ಆದರೆ ಎರಡು ಐಸ್ ಬಾಟಲಿ ಪಕ್ಕದಲ್ಲಿಟ್ಟು ಬಾಗಿಲು ಮುಚ್ಚಿ.

ಬೆಳಿಗ್ಗೆ ಎದ್ದು ನೋಡಿದಾಗ ಬಿಯರ್ 25ಕ್ಕೆ ಏರಿದ್ದರೆ ಒಂದೇ ಏಟಿಗೆ 18ಕ್ಕೆ ಇಳಿಸಬೇಡಿ. ಯೀಸ್ಟ್ ಬೆದರಿ ಕೆಲಸ ನಿಲ್ಲಿಸುತ್ತದೆ. 22–23ಕ್ಕೆ ನಿಧಾನವಾಗಿ ತಂದು ಅಲ್ಲೇ ಮುಗಿಯಲು ಬಿಡಿ.

ಗ್ರಾವಿಟಿ 1.020ರಲ್ಲಿ ನಿಂತು ಅಲ್ಲಾಡದಿದ್ದರೆ ಮೊದಲು ಪ್ರೋಬ್ ನೋಡಿ. ಬಿಯರ್ ಎಲ್ಲೋ ತಣ್ಣಗಾಗಿರುವ ಸಾಧ್ಯತೆಯೇ ಜಾಸ್ತಿ. 21–22ಕ್ಕೆ ಏರಿಸಿ, ಮುಚ್ಚಳ ತೆಗೆಯದೆ ಪಾತ್ರೆಯನ್ನು ಮೆಲ್ಲಗೆ ಸುತ್ತಿಸಿ ತಳದ ಯೀಸ್ಟನ್ನು ಎಬ್ಬಿಸಿ. ಎರಡು ದಿನದಲ್ಲಿ ಅಂಕಿ ಇಳಿಯಲು ಶುರುವಾಗಬೇಕು. ಹೈಡ್ರೋಮೀಟರ್ ಯಾವ ತಾಪಮಾನಕ್ಕೆ ಮಾಡಿದ್ದು ಅಂತ ಅದರ ಕಾಗದದ ಮೇಲೇ ಬರೆದಿರುತ್ತದೆ, ಹೆಚ್ಚಿನವು 20 ಡಿಗ್ರಿಯವು. ಬಿಯರ್ ಅದಕ್ಕಿಂತ ಬಿಸಿ ಇದ್ದರೆ ಅಂಕಿ ನಿಜಕ್ಕಿಂತ ಕಮ್ಮಿ ತೋರಿಸುತ್ತದೆ, ತಣ್ಣಗಿದ್ದರೆ ಜಾಸ್ತಿ.

## ಬಾಟಲಿಗೆ ಹಾಕುವಾಗಲೂ ತಾಪಮಾನ ಬೇಕು

ಬಿಯರ್‌ನಲ್ಲಿ ಗ್ಯಾಸ್ ತುಂಬಲೆಂದು ಬಾಟಲಿಗೆ ಎಷ್ಟು ಸಕ್ಕರೆ ಹಾಕಬೇಕು ಅನ್ನುವ ಲೆಕ್ಕದಲ್ಲಿ ಬಿಯರ್‌ನ ತಾಪಮಾನ ಕೇಳುತ್ತಾರೆ. ಕೋಲ್ಡ್ ಕ್ರ್ಯಾಶ್ ಮಾಡಿದವರು ಅಲ್ಲಿ 2 ಡಿಗ್ರಿ ಅಂತ ಹಾಕಿಬಿಡುತ್ತಾರೆ. ಅದು ತಪ್ಪು. ಕೇಳುತ್ತಿರುವುದು ಬಿಯರ್‌ನಲ್ಲಿ ಈಗಾಗಲೇ ಎಷ್ಟು ಗ್ಯಾಸ್ ಉಳಿದಿದೆ ಅನ್ನುವುದನ್ನು. 21 ಡಿಗ್ರಿಯಲ್ಲಿ ಮುಗಿದ ಬಿಯರ್‌ನಿಂದ ಹೆಚ್ಚಿನ ಗ್ಯಾಸ್ ಆಗಲೇ ಹೋಗಿರುತ್ತದೆ, ಆಮೇಲೆ ತಣ್ಣಗೆ ಮಾಡಿದರೆ ಅದು ಪೂರ್ತಿ ವಾಪಸ್ ಬರುವುದಿಲ್ಲ. ಹಾಗಾಗಿ ಹುದುಗುವಿಕೆಯ ಕೊನೆಯಲ್ಲಿ ಬಿಯರ್ ಮುಟ್ಟಿದ ಅತಿ ಹೆಚ್ಚಿನ ತಾಪಮಾನವನ್ನೇ ಹಾಕಿ. 2 ಅಂತ ಹಾಕಿದರೆ ಸಕ್ಕರೆ ಕಮ್ಮಿಯಾಗಿ ಬಿಯರ್ ಚಪ್ಪೆಯಾಗುತ್ತದೆ.

ತುಂಬಿದ ಬಾಟಲಿಗಳನ್ನು ಕತ್ತಲೆಯಲ್ಲಿ 20–22 ಡಿಗ್ರಿಯಲ್ಲಿ ಎರಡು ವಾರ ಇಡಿ. 15ರಲ್ಲಿಟ್ಟರೆ ನಾಲ್ಕು ವಾರವೂ ಬೇಕಾಗಬಹುದು. ಒಂದು ಬಾಟಲಿಯಷ್ಟು ಬಿಯರನ್ನು ಮೆತ್ತನೆಯ ಪ್ಲಾಸ್ಟಿಕ್ ಸೋಡಾ ಬಾಟಲಿಯಲ್ಲಿ ತುಂಬಿಡಿ. ಅದನ್ನು ಬೆರಳಲ್ಲಿ ಒತ್ತಿ ನೋಡಿ. ಕಲ್ಲಿನ ಹಾಗೆ ಗಟ್ಟಿಯಾದಾಗ ಉಳಿದವುಗಳಲ್ಲೂ ಗ್ಯಾಸ್ ತುಂಬಿದೆ ಅಂತ ತಿಳಿದು ಎಲ್ಲವನ್ನೂ ಫ್ರಿಜ್‌ಗೆ ಸಾಗಿಸಿ.